ತಂಪು ಕೈ

ಬ್ಯಾಡಗಿಯವರಿಗೆ ಖಾರ ಹತ್ತುವುದಿಲ್ಲ ಎಂದು ಹೊರಗಿನವರು ಹೇಳುತ್ತಾರೆ. ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ನಮ್ಮ ಮೆಣಸಿನಕಾಯಿಯಲ್ಲಿ ಖಾರವೇ ಕಡಿಮೆ, ಇರುವುದೆಲ್ಲ ಬಣ್ಣ. ಆದರೂ ನಮ್ಮ ಓಣಿಯ ಹೆಂಗಸರು ಈ ಮಾತು ಕೇಳಿದಾಗಲೆಲ್ಲ ಒಳಗೊಳಗೇ ಹಿಗ್ಗುತ್ತಾರೆ. ಅವರು ದಲಾಲಿ ಅಂಗಡಿಯಿಂದ ಚೀಲ ತಂದು ಮನೆಯಲ್ಲಿ ಕೂತು ಕಾಯಿಯ ತೊಟ್ಟು ಬಿಡಿಸಿ ಕೊಡುವವರು. ಅವರ ಬೆರಳ ತುದಿ ವರ್ಷವಿಡೀ ಕೆಂಪಗಿರುತ್ತದೆ. ನಾನು ಹೈಸ್ಕೂಲಿನಲ್ಲಿ ಹಿಂದಿ ಕಲಿಸುವವಳು. ಆ ಓಣಿಯಲ್ಲೇ ಅರ್ಧ ಆಯುಷ್ಯ ಕಳೆದರೂ ಪಕ್ಕದ ಮನೆಯಲ್ಲಿ ಚೀಲ ಬಿಚ್ಚಿದರೆ ನನಗೆ ಇಲ್ಲಿ ಸೀನು ಬರುತ್ತದೆ.

ಆ ಪಕ್ಕದ ಮನೆ ಗದಿಗೆವ್ವನದು. ಗಂಡ ಚಂದ್ರಪ್ಪ ಮೋಟೆಬೆನ್ನೂರಿನ ಹತ್ತಿರ ಇರುವ ಎರಡೆಕರೆ ನೋಡಿಕೊಳ್ಳುತ್ತಾನೆ, ಮಾತು ಕಡಿಮೆ, ಹಟ ಹೆಚ್ಚು. ಒಬ್ಬಳೇ ಮಗಳು ಭುವನಾ. ಈ ಕತೆ ಅವಳದು.

ನನ್ನ ತಾಯಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಭುವನಾ ಇನ್ನೂ ಹೈಸ್ಕೂಲಿನಲ್ಲಿದ್ದಳು. ನಾನು ಶಾಲೆಗೆ ಹೋದರೆ ಅವ್ವನನ್ನು ನೋಡಲು ಒಬ್ಬ ಹೆಂಗಸನ್ನು ಇಟ್ಟಿದ್ದೆ. ಅವಳು ಬಂದಷ್ಟೇ ದಿನ ಬರದೆಯೂ ಇರುತ್ತಿದ್ದಳು. ಯಾರೂ ಕರೆಯದೆ ಭುವನಾ ಬರತೊಡಗಿದಳು. ಅವ್ವನನ್ನು ಮಗ್ಗುಲಿಗೆ ಹೊರಳಿಸುವುದು, ಬೆನ್ನು ಒರೆಸಿ ಪೌಡರ್ ಹಾಕುವುದು, ಗಂಜಿ ಗಂಟಲಿಗೆ ಸಿಗದ ಹಾಗೆ ಚಮಚದ ತುದಿಯಲ್ಲಿ ಕುಡಿಸುವುದು, ಇದನ್ನೆಲ್ಲ ಅವಳಿಗೆ ಯಾರು ಕಲಿಸಿದರೋ ನನಗೆ ಗೊತ್ತಿಲ್ಲ. ಸ್ವಂತ ಮಗಳಾದ ನಾನು ಮುಟ್ಟಿದರೆ ಮುಖ ಸಿಂಡರಿಸುತ್ತಿದ್ದ ನನ್ನವ್ವ, ಅವಳು ಮುಟ್ಟಿದರೆ ಕಣ್ಣು ಮುಚ್ಚಿ ಸುಮ್ಮನೆ ಮಲಗುತ್ತಿದ್ದಳು. ತೊದಲುವ ನಾಲಿಗೆಯಲ್ಲೇ ಒಂದು ದಿನ ಹೇಳಿದಳು: "ಈ ಹುಡುಗಿ ಕೈ ತಂಪೈತಿ." ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಅವ್ವ ಹೋದ ದಿನ ನನಗಿಂತ ಹೆಚ್ಚು ಅತ್ತವಳು ಭುವನಾ.

ಹಾಗಾಗಿ ಅವಳು ಪಿಯುಸಿ ಸೈನ್ಸ್ ಮುಗಿಸಿದಾಗ ನಾನೇ ಮುಂದೆ ಬಿದ್ದು ನರ್ಸಿಂಗ್ ಮಾತು ತೆಗೆದೆ. ಅದು ಎರಡು ಸಾವಿರದ ಆರನೇ ಇಸ್ವಿ. ನರ್ಸಿಂಗ್ ಎಂದರೆ ಒಂದು ಜ್ವರದ ಹಾಗೆ ಹಬ್ಬಿದ ಕಾಲ. ದುಬೈ, ಲಂಡನ್ ಎಂದು ಏಜೆಂಟರು ಓಣಿ ಓಣಿ ತಿರುಗುತ್ತಿದ್ದರು. ಭುವನಾಗೆ ದುಬೈ ಬೇಕಿರಲಿಲ್ಲ. ಬಿಳಿ ಅಂಗಿ ಹಾಕಿಕೊಂಡು ಒಂದು ವಾರ್ಡಿನಲ್ಲಿ ಓಡಾಡಬೇಕು, ಅಷ್ಟೇ ಅವಳ ಆಸೆ.

ಚಂದ್ರಪ್ಪ ಒಪ್ಪಲಿಲ್ಲ. ಗಂಡಸರ ಮೈ ಒರೆಸುವ ಕೆಲಸಕ್ಕೆ ಮಗಳನ್ನು ಕಳಿಸಿದರೆ ಬೀಗರು ಎದುರಿಗೆ ಕೂರುತ್ತಾರೆಯೇ ಎಂದ. ನನಗೆ ಮೊದಲೇ ಮೂಗಿನ ಮೇಲೆ ಸಿಟ್ಟು. ನಿಮ್ಮವ್ವ ನಿಮ್ಮ ಮೈ ಒರೆಸದೆಯೇ ನೀವು ಇಷ್ಟು ದೊಡ್ಡವರಾದಿರೇನು ಎಂದು ಕೇಳಿಬಿಟ್ಟೆ. ಅವನು ಎದ್ದು ಹೊರಗೆ ಹೋದ, ಊಟದ ಹೊತ್ತಿಗೆ ಬಂದು ಒಂದೇ ಮಾತು ಹೇಳಿದ.

"ಫೀ ಇಲ್ಲದ ಸೀಟು ಸಿಕ್ರ ಓದ್ಲಿ. ಇಲ್ಲಾಂದ್ರ ದೇವರಗುಡ್ಡದವ್ರಿಗೆ ಹೂಂ ಅಂತೀನಿ."

ದೇವರಗುಡ್ಡದವರು ಅವಳನ್ನು ನೋಡಿಕೊಂಡು ಹೋಗಿ ಉತ್ತರಕ್ಕೆ ಕಾಯುತ್ತಿದ್ದರು. ಹುಡುಗ ಕೆಟ್ಟವನಲ್ಲ. ಆದರೆ ಮದುವೆಯಾದ ಮೇಲೆ ಓದುವುದಕ್ಕೆ ಆ ಮನೆಯಲ್ಲಿ ಜಾಗವಿರಲಿಲ್ಲ.

ಫೀ ಇಲ್ಲದ ಸೀಟು ನಮ್ಮ ಕಡೆ ಇದ್ದದ್ದು ಒಂದೇ. ರಾಣೆಬೆನ್ನೂರಿನಲ್ಲಿ ಒಂದು ಟ್ರಸ್ಟಿನ ಆಸ್ಪತ್ರೆ, ಅದರದೇ ನರ್ಸಿಂಗ್ ಕಾಲೇಜು. ಬಿಎಸ್ಸಿ ನರ್ಸಿಂಗಿಗೆ ಪ್ರತಿ ವರ್ಷ ಜಿಲ್ಲೆಯ ಒಬ್ಬ ಹುಡುಗಿಗೆ ಪುಕ್ಕಟೆ ಓದು, ಊಟ, ವಸತಿ. ಆ ವರ್ಷವೇ ಪಿಯುಸಿ ಪಾಸಾಗಿರಬೇಕು. ಹೋದ ವರ್ಷದವರು ಬರುವ ಹಾಗಿಲ್ಲ, ಮುಂದಿನ ವರ್ಷಕ್ಕೆ ಕಾಯುವ ಹಾಗೂ ಇಲ್ಲ. ಅರ್ಜಿ ಹಾಕಿದವರು ರಾಶಿ ರಾಶಿ. ಹಾವೇರಿಯಲ್ಲಿ ಮಾತಿನ ಪರೀಕ್ಷೆ ನಡೆಸಿ ಅವರಲ್ಲಿ ಐವರನ್ನು ಉಳಿಸಿಕೊಂಡರು. ಭುವನಾ ಆ ಐವರಲ್ಲಿ ಬಂದಳು. ಗದಿಗೆವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಇನ್ನೂ ಕೂಸು ಹುಟ್ಟಿಲ್ಲ, ಈಗಲೇ ಕುಲಾವಿಯೇ ಎಂದು ನಾನು ಚಾಷ್ಟಿ ಮಾಡಿದೆ. ನನ್ನ ಬಾಯಿಗೆ ಹುಳ ಬೀಳಲಿ.

ಹೀಗೆ ಆರಿಸಿದ ಐವರನ್ನು ಮೂರು ದಿನ ವಾರ್ಡಿನಲ್ಲಿ ಬಿಟ್ಟು ನೋಡುವುದು ಆ ಆಸ್ಪತ್ರೆಯ ಪದ್ಧತಿ. ಸೂಜಿ, ಔಷಧ ಏನೂ ಇಲ್ಲ. ಹಾಸಿಗೆ ಬದಲಿಸುವುದು, ತಲೆ ಬಾಚುವುದು, ಮುಖ ಒರೆಸುವುದು, ಊಟ ಮಾಡಿಸುವುದು. ಮೇಟ್ರನ್ ಮಂಗಳೂರು ಕಡೆಯವರು, ಸಣಕಲು ಹೆಂಗಸು, ಚಪ್ಪಲಿಯ ಸಪ್ಪಳವಿಲ್ಲದೆ ಹಿಂದೆ ಬಂದು ನಿಲ್ಲುತ್ತಿದ್ದರಂತೆ. ಅಂಕ ನೋಡಿ ನರ್ಸ್ ಆಗುವುದಿಲ್ಲ, ಕೈ ನೋಡಿ ಆಗುತ್ತದೆ ಎಂಬುದು ಅವರ ಮಾತು.

ಮೊದಲ ದಿನವೇ ಅವರು ಐವರ ಕೈಗಳನ್ನೂ ಹಿಡಿದು ಮೂಸಿ ನೋಡಿದರು. ಭುವನಾಳ ಕೈ ಶೇಂಗಾ ಎಣ್ಣೆ ನಾರುತ್ತಿತ್ತು. ನಮ್ಮ ಓಣಿಯಲ್ಲಿ ಕಾಯಿ ಬಿಡಿಸಲು ಕೂರುವ ಮೊದಲು ಕೈಗೆ ಶೇಂಗಾ ಎಣ್ಣೆ ಹಚ್ಚುತ್ತಾರೆ; ಎದ್ದ ಮೇಲೆ ಮತ್ತೆ ಎಣ್ಣೆ ತಿಕ್ಕಿ ಕಡಲೆಹಿಟ್ಟಿನಿಂದ ತೊಳೆಯುತ್ತಾರೆ. ಅಜ್ಜಿಯಂದಿರ ಕಾಲದಿಂದ ನಡೆದು ಬಂದದ್ದು. ಯಾಕೆ ಎಂದು ಕೇಳಿದರೆ ಚರ್ಮ ಒಡೆಯಬಾರದು ಅಂತ ಎನ್ನುತ್ತಾರೆ. ಬೇರೆ ಕಾರಣ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಭುವನಾ ಕಾಯಿ ಮುಟ್ಟದ ದಿನವೂ ಕೈಗೆ ಎಣ್ಣೆ ಹಚ್ಚಿಕೊಳ್ಳುವಷ್ಟು ಅದು ಅವಳಿಗೆ ರೂಢಿಯಾಗಿತ್ತು. ಮೇಟ್ರನ್ ಎಲ್ಲರೆದುರು ಗದರಿದರು. ವಾರ್ಡಿಗೆ ಬರುವ ಕೈಗೆ ಎಣ್ಣೆ, ಮದರಂಗಿ, ಬಳೆ ಯಾವುದೂ ಕೂಡದು. ಸೋಪು, ನೀರು, ಮತ್ತೆ ಸೋಪು, ಅಷ್ಟೇ. ನಮ್ಮ ಹುಡುಗಿ ಆ ಮಾತನ್ನು ದೇವರ ಮಾತೆಂದು ತಿಳಿದಳು.

ಎರಡನೆಯ ದಿನ ಸಂಜೆ ಅವಳು ಊರಿಗೆ ಬಂದಾಗ ಮುಖ ಅರಳಿತ್ತು. ನಾನು ಚಹಾ ಕುಡಿಯುವ ನೆಪದಲ್ಲಿ ಅವರ ಮನೆಗೆ ಹೋಗಿ ಕೂತೆ. ಕಣ್ಣಿನ ವಾರ್ಡಿನಲ್ಲಿ ಜೈತೂನಬಿ ಎಂಬ ಮುದುಕಿಯನ್ನು ಅವಳಿಗೆ ವಹಿಸಿದ್ದರು. ಪೊರೆ ತೆಗೆಯುವ ಆಪರೇಷನ್ ಅವತ್ತೇ ಬೆಳಿಗ್ಗೆ ಆಗಿತ್ತು. ಮುದುಕಿ ಬೇರೆ ಯಾರ ಕೈಯಲ್ಲೂ ಊಟ ಮಾಡುವುದಿಲ್ಲ, ಬೇಟಿ ಬೇಟಿ ಎಂದು ಇವಳನ್ನೇ ಕರೆಯುತ್ತಾಳೆ. ವಾರ್ಡಿನ ನರ್ಸ್ ಒಬ್ಬಳು ಮೆಲ್ಲಗೆ ಕಿವಿಯಲ್ಲಿ ಹೇಳಿದ್ದಳಂತೆ, ಮೇಟ್ರನ್ ಮನಸ್ಸಿನಲ್ಲಿ ನಿನ್ನ ಹೆಸರೇ ಇದೆ ಎಂದು.

ಗದಿಗೆವ್ವ ಇದನ್ನೆಲ್ಲ ಕೇಳುತ್ತ ಚೀಲ ಬಿಚ್ಚಿದಳು. ನನಗೆ ಸೀನು ಶುರುವಾಯಿತು. ಅದು ದಿನದ ಸೀನಲ್ಲ. ಕಣ್ಣು, ಮೂಗು, ಗಂಟಲು ಎಲ್ಲ ಒಟ್ಟಿಗೇ ಉರಿದು ನಾನು ಸೆರಗು ಮುಚ್ಚಿಕೊಂಡು ಬಾಗಿಲಿಗೆ ಓಡಿದೆ. ಗದಿಗೆವ್ವ ನಕ್ಕಳು.

"ಇದು ಗುಂಟೂರ ಕಾಯಿ ಐತ್ರಿ ಅಕ್ಕೋರ. ನಮ್ಮ ಕಾಯಿ ಜೋಡಿ ಬೆರಸಾಕ ತರಸ್ಯಾರ."

ಪೇಟೆಯಲ್ಲಿ ಇದು ಗೊತ್ತಿರುವ ಗುಟ್ಟು. ಗುಂಟೂರಿನ ಖಾರ, ಬ್ಯಾಡಗಿಯ ಬಣ್ಣ, ಎರಡನ್ನೂ ಬೆರೆಸಿ ಬ್ಯಾಡಗಿಯ ಹೆಸರಿನಲ್ಲಿ ಮಾರುವ ಕೆಲವರಿದ್ದಾರೆ. ಲಾಭ ಅವರಿಗೆ, ಉರಿ ಗದಿಗೆವ್ವನಂಥವರಿಗೆ. ಆ ಚೀಲವನ್ನು ಬೆಳಗಾಗುವುದರೊಳಗೆ ಮುಗಿಸಿ ಕೊಡುತ್ತೇನೆಂದು ಅವಳು ಮಾತು ಕೊಟ್ಟು ಬಂದಿದ್ದಳು. ಮಗಳಿಗೆ, ಒಂದೀಟು ಕೈ ಹಚ್ಚು ಎಂದಳು. ಹುಡುಗಿ ಖುಷಿಯಲ್ಲಿದ್ದಳು, ಹರಟುತ್ತ ಕೂತು ಬಿಡಿಸಿದಳು. ಎಣ್ಣೆ ಮಾತ್ರ ಹಚ್ಚಿಕೊಳ್ಳಲಿಲ್ಲ. ಎದ್ದ ಮೇಲೆ ಸೋಪಿನಿಂದ ತೊಳೆದಳು, ಬೆಳಿಗ್ಗೆ ಮತ್ತೆ ತೊಳೆದಳು. ಕೈ ಮೂಸಿ ನೋಡಿಕೊಂಡಳು, ಸೋಪಿನ ಪರಿಮಳವೇ ಬಂತು. ಉರಿ ಅವಳಿಗೆ ಗೊತ್ತಾಗಲಿಲ್ಲ. ಹುಟ್ಟಿದಾಗಿನಿಂದ ಕಾಯಿಯ ನಡುವೆ ಬೆಳೆದ ಬೆರಳು, ಅದಕ್ಕೆ ಉರಿಯ ಸುದ್ದಿಯೇ ಮುಟ್ಟುತ್ತಿರಲಿಲ್ಲ.

ಮೂರನೆಯ ದಿನ ಪಾಲಕರೊಬ್ಬರು ಬರಬೇಕೆಂದು ಹೇಳಿದ್ದರು. ಚಂದ್ರಪ್ಪ ಹೊಲದ ನೆಪ ಹೇಳಿದ, ಗದಿಗೆವ್ವನಿಗೆ ದೊಡ್ಡ ಆಸ್ಪತ್ರೆಯೆಂದರೆ ಅಂಜಿಕೆ. ನಾನು ರಜೆ ಹಾಕಿ ಹೋದೆ. ಬೆಳಗಿನ ಬಸ್ಸಿನಲ್ಲಿ ಭುವನಾ ಕಿಟಕಿಗೆ ತಲೆಯಾನಿಸಿ ಏನೋ ಗುನುಗುತ್ತಿದ್ದಳು. ನಾನು ಆಸ್ಪತ್ರೆಯಲ್ಲಿ ಕಣ್ಣಿನ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತೆ. ಅವಳು ಬಿಳಿ ಏಪ್ರನ್ ಕಟ್ಟಿಕೊಂಡು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಕೂಗು ಬಂತು. ಮುದುಕಿಯ ಗಂಟಲಿನಿಂದ ಅಂಥ ಕೂಗು ಬರುತ್ತದೆಂದು ನಾನು ಎಣಿಸಿರಲಿಲ್ಲ. ಓಡಿ ಬಾಗಿಲಲ್ಲಿ ನಿಂತೆ.

ನಡೆದದ್ದು ಇಷ್ಟು. ಭುವನಾ ಒದ್ದೆ ಹತ್ತಿಯಿಂದ ಜೈತೂನಬಿಯ ಮುಖ ಒರೆಸುತ್ತಿದ್ದಳು. ಆಪರೇಷನ್ ಆದ ಕಣ್ಣಿಗೆ ಪಟ್ಟಿ ಇತ್ತು, ಅದನ್ನು ಅವಳು ಮುಟ್ಟಲಿಲ್ಲ. ಇನ್ನೊಂದು ಕಣ್ಣಿನ ಸುತ್ತ ಒರೆಸಿ, ಕೆನ್ನೆಗೆ ಅಂಟಿದ್ದ ಕಣ್ಣಿನ ಪಿಸುರನ್ನು ಬೆರಳಿನಿಂದ ತೆಗೆದಳು. ಎಣ್ಣೆಗಷ್ಟೇ ಬಿಡುವ ಖಾರ ಸೋಪಿಗೆ ಹೋಗದೆ ಬೆರಳಲ್ಲೇ ಉಳಿದಿತ್ತು; ಅದು ಒದ್ದೆ ಹತ್ತಿಗೆ, ಹತ್ತಿಯಿಂದ ಕಣ್ಣಿಗೆ ಇಳಿಯಿತು. ಮುದುಕಿ ತಡೆಯಲಾರದೆ ತನ್ನೆರಡೂ ಕೈಯಿಂದ ಮುಖ ಉಜ್ಜಿಕೊಂಡಳು, ಪಟ್ಟಿ ಕಿತ್ತು ಬಂತು, ಉರಿ ಆ ಕಣ್ಣಿಗೂ ಹೋಯಿತು. ನಾನು ನೋಡಿದಾಗ ಭುವನಾ ಅವಳ ಕೈಗಳನ್ನು ಹಿಡಿದು ತಡೆಯುತ್ತಿದ್ದಳು. ಹಿಡಿದಷ್ಟೂ ಅವಳ ಕೈಯ ಖಾರ ಮುದುಕಿಯ ಕೈಗೆ ಹತ್ತುತ್ತಿತ್ತು. ಅದು ಆಗ ಯಾರಿಗೂ ಗೊತ್ತಿರಲಿಲ್ಲ.

ಅಲ್ಲ, ಒಬ್ಬಳಿಗೆ ಗೊತ್ತಾಗಿತ್ತು. ಜೈತೂನಬಿ ಹರೆಯದಲ್ಲಿ ಬ್ಯಾಡಗಿ ಪೇಟೆಯಲ್ಲಿ ಕಾಯಿ ಬಿಡಿಸಿದವಳು. ನರ್ಸ್ ಡಾಕ್ಟರನ್ನು ಕರೆಯಲು ಓಡಿದಾಗ ಆ ಮುದುಕಿ ಹಲ್ಲು ಕಚ್ಚಿಕೊಂಡು ಭುವನಾಳ ಕಿವಿಯನ್ನು ಹತ್ತಿರಕ್ಕೆ ಎಳೆದುಕೊಂಡಳಂತೆ.

"ಕಾಯಿ ಮುಟ್ಟಿ ಬಂದೀದಿ, ಹೌದಿಲ್ಲೋ? ಸುಮ್ಕಿರು ಬೇಟಿ. ಈ ಉರಿ ನನಗ ಹೊಸಾದಲ್ಲ, ತಾನ ಇಳೀತೈತಿ. ಬಾಯಿ ಬಿಟ್ರ ನಿನ್ನ ಸೀಟು ಹೋಗತೈತಿ."

ಡಾಕ್ಟರ್ ವೀರೇಂದ್ರ ಬಂದರು, ವಯಸ್ಸು ಚಿಕ್ಕದು, ಕೈ ಚುರುಕು. ಆಪರೇಷನ್ ಆದ ಕಣ್ಣು ಕೆಂಡದ ಹಾಗಿತ್ತು, ರೆಪ್ಪೆ ಊದಿತ್ತು; ಇನ್ನೊಂದು ಕೆಂಪಾದದ್ದು ಉಜ್ಜಿಕೊಂಡದ್ದಕ್ಕೆ ಎಂದು ಅವರು ತಿಳಿದರು. ಕಣ್ಣಿಗೆ ಏನಾದರೂ ಬಿತ್ತೇ ಎಂದು ಕೇಳಿದರೆ ಮುದುಕಿ ಏನೂ ಇಲ್ಲ ಎಂದಳು. ಒಂದೇ ದಿನದಲ್ಲಿ ಹೀಗಾಗಬೇಕಾದರೆ ಒಳಗೆ ನಂಜು ಆಗಿರಬೇಕು, ತಡಮಾಡಿದರೆ ಕಣ್ಣೇ ಹೋಗುತ್ತದೆ, ಈಗಲೇ ಮತ್ತೆ ತೆರೆದು ನೋಡಬೇಕು ಎಂದು ಅವರು ಮೇಟ್ರನ್‌ಗೆ ಹೇಳಿದರು. ಥಿಯೇಟರಿಗೆ ಫೋನು ಹೋಯಿತು. ನಿನ್ನೆ ಕೊಯ್ದ ಕಣ್ಣನ್ನು ಇವತ್ತು ಮತ್ತೆ ಕೊಯ್ಯುವುದೆಂದರೆ ಏನೆಂದು ಅಲ್ಲಿದ್ದವರ ಮುಖದಲ್ಲೇ ಕಾಣುತ್ತಿತ್ತು. ಅದನ್ನು ಕೇಳಿಯೂ ಜೈತೂನಬಿ ತುಟಿ ಬಿಚ್ಚಲಿಲ್ಲ. ಭುವನಾಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಮಲಗಿದ್ದಳು.

ಭುವನಾ ಬಾಗಿಲಲ್ಲಿದ್ದ ನನ್ನ ಕಡೆ ಒಮ್ಮೆ ನೋಡಿದಳು. ನನಗೆ ಏನೂ ತಿಳಿಯದು, ಧೈರ್ಯದಿಂದಿರು ಎನ್ನುವ ಹಾಗೆ ತಲೆಯಾಡಿಸಿದೆ. ಅವಳು ಮುದುಕಿಯ ಕೈ ಬಿಡಿಸಿಕೊಂಡು ಎದ್ದು ನಿಂತಳು.

"ಸರ, ಅದು ನಂಜಲ್ರಿ. ಖಾರ ಐತ್ರಿ. ನನ್ನ ಕೈಯಾನ ಖಾರ."

ವೀರೇಂದ್ರ ನಂಬಲಿಲ್ಲ. ತೊಳೆದ ಕೈಯಲ್ಲಿ ಖಾರ ಎಲ್ಲಿಂದ ಬರಬೇಕು ಎಂದರು. ಮೇಟ್ರನ್ ಮುಂದೆ ಬಂದು ಅವಳ ಬಲಗೈ ಹಿಡಿದು, ಬೆರಳ ತುದಿಯನ್ನು ತಮ್ಮ ಕೆಳತುಟಿಗೆ ಒತ್ತಿಕೊಂಡರು. ಎಲ್ಲರೂ ನೋಡುತ್ತ ನಿಂತೆವು. ಅವರ ತುಟಿ ನಡುಗಿತು, ಕಣ್ಣಲ್ಲಿ ನೀರು ಬಂತು. ಥಿಯೇಟರ್ ಬೇಡ, ಸಲೈನ್ ತನ್ನಿ ಎಂದರು.

ಬಾಟಲಿಗಟ್ಟಲೆ ಸಲೈನ್ ಹಾಕಿ ಕಣ್ಣು ತೊಳೆದರು, ಉರಿ ಅಡಗಿಸುವ ಔಷಧ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಊತ ಇಳಿಯಿತು. ಹೊಲಿಗೆಗೆ ಏನೂ ಆಗಿಲ್ಲ, ಕಣ್ಣು ಉಳಿಯಿತು ಎಂದು ವೀರೇಂದ್ರ ಬಂದು ಹೇಳಿದಾಗಲೂ ಭುವನಾ ನಲ್ಲಿಯ ಕೆಳಗೆ ಸೋಪು ಹಚ್ಚಿ ಕೈ ತಿಕ್ಕುತ್ತಲೇ ಇದ್ದಳು. ಅಷ್ಟರಲ್ಲಿ ಮುದುಕಿಯ ಮಗ ಬಂದು ಕೂಗಾಡಿ, ಟ್ರಸ್ಟಿನ ಆಫೀಸಿನವರೆಗೂ ಹೋಗಿ ಬಂದಿದ್ದ. ಅವನದೂ ತಪ್ಪಿಲ್ಲ. ನನ್ನವ್ವನಿಗೆ ಹೀಗಾಗಿದ್ದರೆ ನಾನು ಅದಕ್ಕಿಂತ ಜೋರಾಗಿ ಕೂಗುತ್ತಿದ್ದೆ.

ಸಂಜೆ ಮೇಟ್ರನ್ ನನ್ನನ್ನು ಒಳಗೆ ಕರೆದರು. ಅವರ ತುಟಿ ಇನ್ನೂ ಕೆಂಪಗಿತ್ತು. ಬೇರೆ ಹುಡುಗಿಯ ಹೆಸರು ಕಳಿಸಿರುವುದಾಗಿ ನೇರವಾಗಿ ಹೇಳಿದರು. ಆದದ್ದನ್ನು ಟ್ರಸ್ಟಿನವರಿಗೆ ವರದಿ ಮಾಡದೆ ಇರುವಂತಿಲ್ಲ, ವರದಿ ಮಾಡಿದ ಮೇಲೆ ಈ ಹೆಸರು ಒಪ್ಪುವವರು ಅಲ್ಲಿ ಯಾರೂ ಇಲ್ಲ. ಇಷ್ಟು ವರ್ಷದಲ್ಲಿ ಇಂಥ ಹುಡುಗಿಯನ್ನು ನೋಡಿರಲಿಲ್ಲ ಎಂದೂ ಹೇಳಿದರು. ಆ ಹೊಗಳಿಕೆಯನ್ನು ಕಟ್ಟಿಕೊಂಡು ನಾನೇನು ಮಾಡಲಿ. ನನ್ನ ಸಿಟ್ಟು ನೆತ್ತಿಗೇರಿತು.

"ಹಂಗಾರ ಸುಮ್ನಿದ್ದಿದ್ರ ಸೀಟು ಸಿಗ್ತಿತ್ತು, ಹೌದಲ್ರಿ?"

ಅವರು ಮೇಜಿನ ಮೇಲಿದ್ದ ತಮ್ಮ ಕೈಯನ್ನು ನೋಡಿಕೊಂಡರು.

"ಹೌದು, ಸಿಗುತ್ತಿತ್ತು," ಎಂದರು. "ಆ ಹೆಂಗಸಿನ ಕಣ್ಣು ಹೋಗುತ್ತಿತ್ತು."

ನಾನು ಎದ್ದು ಬಂದೆ. ಜಗಳಕ್ಕೆ ನಿಂತವಳಿಗೆ ಎದುರಾಳಿಯೇ ಸಿಗದ ಹಾಗಾಯಿತು. ಮೇಟ್ರನ್ ಮೇಲೆ ಸಿಟ್ಟಾಗಲೇ, ಗುಂಟೂರು ಕಾಯಿ ತರಿಸಿದವರ ಮೇಲೆ ಸಿಟ್ಟಾಗಲೇ, ಹೊಲದಲ್ಲಿ ಕೂತ ಚಂದ್ರಪ್ಪನ ಮೇಲೆ ಸಿಟ್ಟಾಗಲೇ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಸುಲಭವಾಗಿ ಹೇಳುತ್ತಾರೆ. ಇವಳು ಬಾಯಿಯವರೆಗೆ ಬಂದ ತುತ್ತನ್ನು ತಾನೇ ತೆಗೆದು ಇಟ್ಟಿದ್ದಳು.

ಹೊರಡುವ ಮೊದಲು ಭುವನಾ ಜೈತೂನಬಿಯ ಹತ್ತಿರ ಹೋದಳು, ಮುಟ್ಟಲಿಲ್ಲ, ಮಂಚದಿಂದ ಒಂದು ಮೊಳ ದೂರ ನಿಂತಳು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಮುದುಕಿ ಹೆಜ್ಜೆಯ ಸಪ್ಪಳಕ್ಕೇ ಗುರುತು ಹಿಡಿದು, ಹುಚ್ಚಿ ಅದೀ ನೀನು ಎಂದು ಬೈದಳು. ಬೈಯುತ್ತಲೇ ಕೈ ಚಾಚಿದಳು. ಭುವನಾ ತನ್ನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಬಸ್ಸು ಹೆದ್ದಾರಿ ಬಿಟ್ಟು ಮೋಟೆಬೆನ್ನೂರಿನಲ್ಲಿ ಬ್ಯಾಡಗಿಯ ಕಡೆ ಹೊರಳಿತು. ಆಗ ಭುವನಾ, ಜೈತೂನಬಿ ಕಿವಿಯಲ್ಲಿ ಹೇಳಿದ ಮಾತನ್ನು ನನಗೆ ಹೇಳಿದಳು. ನಾನು ಅಳು ತಡೆಯಲು ಹೊರಗೆ ನೋಡತೊಡಗಿದೆ.

"ಅಕ್ಕೋರ, ಚೀಲದ ಮಾತು ಅವ್ವಗ ಹೇಳಬ್ಯಾಡ್ರಿ," ಎಂದಳು. "ನಾನ ಕೈ ಹಚ್ಚು ಅಂದಿದ್ದೆ ಅಂತ ಆಕಿ ಸಾಯೂತನಾ ಎದಿ ಎದಿ ಬಡ್ಕೋತಾಳ. ಮಾರ್ಕ್ಸ ಕಡಿಮಿ ಬಿದ್ದುವು ಅಂತ ಹೇಳ್ತೇನಿ."

ಗದಿಗೆವ್ವ ಬಾಗಿಲಲ್ಲೇ ಕಾದಿದ್ದಳು. ಮಾರ್ಕ್ಸಿನ ಮಾತು ಕೇಳಿದ ಕೂಡಲೇ ಅವಳಿಗೆ ಸಿಟ್ಟೋ ದುಃಖವೋ, ಬಾಯಿಗೆ ಬಂದ ಹಾಗೆ ಅಂದಳು. ಟಿವಿ ಮುಂದೆ ಕೂತೆ ನೀನು, ಗೆಳತಿಯರ ಜೋಡಿ ಹರಟುತ್ತ ಕೂತೆ, ಮನಸ್ಸಿಟ್ಟು ಓದಿದ್ದರೆ ನಾಲ್ಕು ಮಾರ್ಕ್ಸ್ ಹೆಚ್ಚು ಬರುತ್ತಿರಲಿಲ್ಲವೇ, ಓಣಿಗೆಲ್ಲ ಸಕ್ಕರೆ ಹಂಚಿದ ನನ್ನ ಮುಖಕ್ಕೆ ಮಸಿ ಹಚ್ಚಿದೆ ಎಂದಳು. ಭುವನಾ ತಲೆ ತಗ್ಗಿಸಿ ಕೇಳಿದಳು. ನನ್ನ ನಾಲಿಗೆ ತುರಿಸುತ್ತಿತ್ತು. ಜೀವಮಾನದಲ್ಲಿ ಒಮ್ಮೆಯೂ ಬಾಯಿ ಕಟ್ಟಿಕೊಂಡು ಕೂತವಳಲ್ಲ ನಾನು, ಅವತ್ತು ಕೂತೆ. ಬಸ್ಸಿನಲ್ಲಿ ಭುವನಾಗೆ ಕೊಟ್ಟ ಮಾತು ಇತ್ತು. ಚಂದ್ರಪ್ಪ ಹೊರಗೆ ಹೋಗಿ ದೇವರಗುಡ್ಡಕ್ಕೆ ಫೋನು ಮಾಡಿ ಬಂದ.

ಅತ್ತು ಬೈದು ದಣಿದ ಮೇಲೆ ಗದಿಗೆವ್ವನ ಕಣ್ಣು ಮಗಳ ಕೈ ಮೇಲೆ ಬಿತ್ತು. ಸೋಪು ತಿಕ್ಕಿ ತಿಕ್ಕಿ ಆ ಕೈ ಬಿಳಿಚಿಕೊಂಡು ಗೆಣ್ಣುಗಳಲ್ಲಿ ಸೀಳು ಬಿಟ್ಟಿತ್ತು. ಅವಳು ಒಳಗೆ ಹೋಗಿ ಶೇಂಗಾ ಎಣ್ಣೆಯ ಬಟ್ಟಲು ತಂದಳು. ಮಗಳನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಬೆರಳು ಹಿಡಿದು ತಿಕ್ಕತೊಡಗಿದಳು.

"ನೋಡ್ರಿ ಅಕ್ಕೋರ, ಎಣ್ಣಿ ಹಚ್ಗೋಳೂದ ಬಿಟ್ಟು ಹೆಂಗ ಮಾಡ್ಕೊಂಡಾಳ. ಇಂಥಾ ಕೈ ನೋಡಿ ಯಾರ ಸೀಟು ಕೊಡ್ತಾರ?"

ಭುವನಾ ತಾಯಿಯ ಮುಖ ನೋಡಿದಳು.

"ಹೌದು ಬೇ," ಎಂದಳು. "ಕೈ ನೋಡೇ ನನ್ನ ಬಿಟ್ರು."

ಗದಿಗೆವ್ವ ನಿಟ್ಟುಸಿರು ಬಿಟ್ಟು, ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡು, ಆ ಬೆರಳುಗಳನ್ನು ಮತ್ತೆ ಮೊದಲಿನಿಂದ ತಿಕ್ಕಿದಳು.